ಬಸಕ್ಕ ಹೇಳದ ಹೆಸರು

ನಮ್ಮಕ್ಕ ಬಸಕ್ಕ ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿ ಬಂದಲ್ಲೆಲ್ಲ ಹೇಳುತ್ತಿದ್ದವಳು ನಾನು, ಆಕೆಯ ತಂಗಿ ಹುಲಿಗೆಮ್ಮ. ಈ ನೌಕರಿ ನನಗೆ ಹತ್ತನೇ ವಯಸ್ಸಿಗೇ ಗಂಟುಬಿತ್ತು. ಎಮ್ಮಿಗನೂರಿನಿಂದ ಅಕ್ಕನನ್ನು ಕಂಪ್ಲಿ ಕೋಟೆಯ ಗಂಡನ ಮನೆಗೆ ಕರೆದುಕೊಂಡು ಹೋದಾಗ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಂತರು. ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಅಂದರು. ಅಕ್ಕ ಸೆರಗು ಕಚ್ಚಿಕೊಂಡು ನಿಂತಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ನನಗೋ ಹೊಟ್ಟೆ ಚುರುಗುಟ್ಟುತ್ತಿತ್ತು. “ಸುಂಕಪ್ಪ! ಸುಂಕಪ್ಪ! ಬಿಡ್ರಿ ಒಳಗ, ಹಸಿವಾಗೈತಿ” ಎಂದು ಕಿರುಚಿಬಿಟ್ಟೆ. ಮದುವೆಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಮುಂದೆ ರೇಷನ್ ಕಾರ್ಡಿಗೆ, ಬ್ಯಾಂಕಿಗೆ, ಹೆರಿಗೆ ಆಸ್ಪತ್ರೆಗೆ, ಎಲ್ಲಿ “ಗಂಡನ ಹೆಸರು?” ಎಂದು ಕೇಳಿದರೂ ಆಕೆ ನನ್ನ ಮುಖ ನೋಡುವುದು, ನಾನು ಹೇಳುವುದು. ಇದಕ್ಕೋಸ್ಕರ ನಾನು ನನ್ನ ಗಂಡನ ಊರು ಹೊಸಪೇಟೆಯಿಂದ ಬಸ್ಸು ಹತ್ತಿ ಹೋದದ್ದೂ ಉಂಟು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ನನಗೂ ಹೇಳಿಕೊಟ್ಟಿದ್ದಳು. ನಾನು ಮದುವೆಯಾದ ವಾರಕ್ಕೇ “ಲೇ ತೋಟಪ್ಪಾ” ಎಂದು ಕರೆದು ಅತ್ತೆಯ ಕೈಲಿ ಮಂಗಳಾರತಿ ಮಾಡಿಸಿಕೊಂಡೆ. ಆ ತೋಟಪ್ಪ ಈಗಲೂ ಗುಂಡುಕಲ್ಲಿನ ಹಾಗೆ ಇದ್ದಾನೆ, ಮೂರು ಹೊತ್ತು ಉಣ್ಣುತ್ತಾನೆ, ರಾತ್ರಿ ಗೊರಕೆ ಹೊಡೆಯುತ್ತಾನೆ.

ಅಕ್ಕನದು ಹೆಸರಿನ ಕಷ್ಟ ಒಂದೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಆಕೆ ಕೆಲಸ ಮಾಡುವುದು ಕಂಪ್ಲಿಯ ಒಂದು ರೈಸ್ ಮಿಲ್ಲಿನಲ್ಲಿ, ಕಸ ಹೊಡೆಯುವ ಕೆಲಸ. ಅಲ್ಲಿ ಬತ್ತದಿಂದ ಏಳುವ, ಮೈಗೆ ಹತ್ತಿದರೆ ತುರಿಸುವ ಸಣ್ಣ ಧೂಳಿಗೆ ಎಲ್ಲರೂ ಸುಂಕು ಅನ್ನುತ್ತಾರೆ. ಅಕ್ಕ ಅದನ್ನೂ ಹೇಳುವ ಹಾಗಿಲ್ಲ! ಒಂದು ದಿನ ಕಣ್ಣುಜ್ಜಿಕೊಳ್ಳುತ್ತ ನಿಂತಾಗ ಜೊತೆಯವರು ಏನಾಯಿತೆಂದು ಕೇಳಿದ್ದಾರೆ. ಈಕೆ ಯೋಚನೆ ಮಾಡಿ ಮಾಡಿ, “ಯಜಮಾನ್ರು ಕಣ್ಣಾಗ ಬಿದ್ರು” ಅಂದಿದ್ದಾಳೆ. ಮುಗಿಯಿತು. ಇಡೀ ಮಿಲ್ಲಿಗೆ ಸುಂಕು ಹೋಗಿ ‘ಬಸಕ್ಕನ ಯಜಮಾನ್ರು’ ಆಯಿತು. “ಬಸಕ್ಕಾ, ನಿಮ್ಮ ಯಜಮಾನ್ರು ನನ್ನ ಮೈಗೆಲ್ಲ ಹತ್ಕೊಂಡಾರ, ಕರ್ಕೊಂಡ್ ಹೋಗಬೇ” ಎಂದು ಕೂಗುವರು. ಅಕ್ಕ ನಾಚಿ ಪೊರಕೆ ಎಸೆಯುವಳು. ಮಾವ ಸಾಯಂಕಾಲ ಅದನ್ನು ಕೇಳಿ, “ನಾ ಅಷ್ಟು ತುರಸ್ತೀನೇನ?” ಅನ್ನುವನು. ಮಾವ ಅಂದರೆ ಅಕ್ಕನ ಗಂಡ, ಆ ಸುಂಕಪ್ಪನೇ. ಒಳ್ಳೆಯ ಮನುಷ್ಯ, ಮಾತು ಕಡಿಮೆ.

ಕೋಟೆಯ ಎದುರಿಗೆ ಹೊಳೆಯ ನಡುವೆ ಹುಣಸಿಗಡ್ಡಿ ಎನ್ನುವ ಒಂದು ಸಣ್ಣ ನಡುಗಡ್ಡೆ ಇದೆ. ಬೇಸಿಗೆಯಲ್ಲಿ ಮಾವ ಅದರ ಮರಳಿನಲ್ಲಿ ಕಲ್ಲಂಗಡಿ ಹಾಕುತ್ತಿದ್ದ. ನೀರೆತ್ತಲು ಒಂದು ಡೀಸೆಲ್ ಇಂಜಿನ್ ಇಟ್ಟಿದ್ದ, ಅದಕ್ಕೊಂದು ಸಿಮೆಂಟಿನ ಕಟ್ಟೆಯನ್ನೂ ಕಟ್ಟಿದ್ದ. ಮೂರು ವರ್ಷದ ಹಿಂದೆ ಆಗಸ್ಟಿನಲ್ಲಿ ಹೊಳೆಯ ಮೇಲ್ಗಡೆಯ ಡ್ಯಾಮು ತುಂಬಿತು. ನೀರು ಬಿಡುತ್ತಾರೆ, ಯಾರೂ ಹೊಳೆಗೆ ಇಳಿಯಬೇಡಿ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೆಲ್ಲ ಸಾರಿದರು. ಸಾರುವುದಕ್ಕೆ ಮುಂಚೆಯೇ ಮಾವ ಇಂಜಿನ್ ಬಿಚ್ಚಿ ತರಲು ಗಡ್ಡಿಗೆ ಹೋಗಿದ್ದ. ಮೊಣಕಾಲು ನೀರಿನಲ್ಲಿ ನಡೆದೇ ದಾಟಿದ್ದ. ಅಂಗಿಯನ್ನು ಈಚೆ ದಡದ ಕಲ್ಲಿನ ಮೇಲೆ ಬಿಚ್ಚಿಟ್ಟಿದ್ದ, ಮೊಬೈಲು ಅದರ ಜೇಬಿನಲ್ಲೇ ಇತ್ತು.

ಅಕ್ಕ ಸುದ್ದಿ ಕೇಳಿ ದಡಕ್ಕೆ ಓಡಿದಳು. ಮಾವ ಅತ್ತ ಬೆನ್ನು ಮಾಡಿ ಬೋಲ್ಟು ತಿರುವುತ್ತಿದ್ದ. “ಏನ್ರೀ! ಏನ್ರೀ, ಬರ್ರೀ!” ಎಂದು ಕೂಗಿದಳು. ದಡದ ತುಂಬ ಹತ್ತಾರು ಹೆಂಗಸರು ಬಟ್ಟೆ ಬುಟ್ಟಿ ಎತ್ತಿಕೊಂಡು, ದನ ತೊಳೆಯುತ್ತಿದ್ದ ತಮ್ಮ ತಮ್ಮ ಗಂಡಂದಿರಿಗೆ ಅದನ್ನೇ ಕೂಗುತ್ತಿದ್ದರು. ಅಷ್ಟು ‘ಏನ್ರೀ’ಗಳಲ್ಲಿ ತನ್ನದು ಯಾವುದೆಂದು ಮಾವನಿಗೆ ಹೇಗೆ ಗೊತ್ತಾಗಬೇಕು? ಮಗನ ಹೆಸರು ಹಿಡಿದು “ರಾಮಾಂಜಿನಿ ಅಪ್ಪಾ” ಎಂದೂ ಕೂಗಿದಳಂತೆ. ಆ ಕೇರಿಯಲ್ಲಿ ರಾಮಾಂಜಿನಿಗಳು ನಾಲ್ವರಿದ್ದಾರೆ. ಹೀಗೇ ಹತ್ತು ನಿಮಿಷ ಹೋಯಿತು. ಆಮೇಲೆ ಹರಿಗೋಲಿನ ಕಾಳಪ್ಪ ಬಂದ. ಅವನ ಹರಿಗೋಲು ಡಾಂಬರು ಬಳಿಸಿಕೊಂಡು ಮನೆಯ ಹತ್ತಿರ ಬೋರಲು ಬಿದ್ದಿತ್ತು. ಅವನು ಬಾಯಿಗೆ ಕೈ ಕೊಟ್ಟು ಒಂದೇ ಸಲ “ಲೇ ಸುಂಕಾ!” ಅಂದ. ಮಾವ ತಟ್ಟನೆ ತಿರುಗಿದ, ಕೈ ಎತ್ತಿದ, ಇಂಜಿನ್ ಬಿಟ್ಟು ನೀರಿಗೆ ಇಳಿದ. ಅಷ್ಟರಲ್ಲಿ ನೀರು ಎದೆಮಟ್ಟ ಬಂದಿತ್ತು. ಮೂರನೆಯ ದಿನ ಸೇತುವೆಯ ಕೆಳಗೆ ಸಿಕ್ಕ.

ಹನ್ನೊಂದನೆಯ ದಿನ ಅಂಗಳದಲ್ಲಿ ಕುಳಿತು ಕಾಳಪ್ಪ ಅದನ್ನೇ ಹೇಳಿಕೊಂಡು ಅತ್ತ. “ಒಂದ ಕೂಗಿಗೆ ತಿರುಗಿದ್ನಲ್ರೀ. ಒಂದ ಕೂಗಿಗೆ.” ಅಕ್ಕ ಬಾಗಿಲಲ್ಲಿ ಕುಳಿತು ಕೇಳಿಸಿಕೊಂಡಳು. ನಾನಿದ್ದಿದ್ದರೆ ಆ ಕೂಗನ್ನು ಹತ್ತು ನಿಮಿಷ ಮೊದಲೇ ಹಾಕುತ್ತಿದ್ದೆ. ಆವತ್ತು ನಾನು ಹೊಸಪೇಟೆಯಲ್ಲಿ, ಅಡುಗೆ ಕೆಲಸಕ್ಕಿರುವ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಉಪ್ಪಿಟ್ಟು ತಿರುವುತ್ತಿದ್ದೆ. ಈ ಮಾತನ್ನು ನಾನು ಅಕ್ಕನ ಮುಂದೆ ಎಂದೂ ಆಡಲಿಲ್ಲ, ಆಡದಿದ್ದರೂ ಆಕೆಗೆ ಗೊತ್ತಿತ್ತು.

ಅಕ್ಕ ಅಳಲಿಲ್ಲ. ಹೆಣ ತಂದಾಗ ಅಳಲಿಲ್ಲ, ಬಳೆ ತೆಗೆದಾಗ ಅಳಲಿಲ್ಲ. ತಿಂಗಳು ತುಂಬುವ ಮೊದಲೇ ಮಿಲ್ಲಿಗೆ ಹೋದಳು. ಅಲ್ಲಿ ಯಾರೂ ಈಗ ಸುಂಕಿನ ಬಗ್ಗೆ ತಮಾಷೆ ಮಾಡುವುದಿಲ್ಲ, ಆ ಶಬ್ದವನ್ನೇ ಎತ್ತುವುದಿಲ್ಲ. ಈಕೆ ಗುಡಿಸುತ್ತಾಳೆ, ತುಂಬುತ್ತಾಳೆ, ಹೊರಗೆ ಸುರಿದು ಬರುತ್ತಾಳೆ. ಸಾರಿಗೆ ಉಪ್ಪು ಹಾಕದಿದ್ದರೂ ಉಣ್ಣುತ್ತಾಳೆ. ಕುದಿಯುವ ಚಹಾವನ್ನು ಹಾಗೇ ಗಟಗಟ ಕುಡಿಯುತ್ತಾಳೆ. ಒಮ್ಮೆ ಒಲೆಯ ಕೊಳ್ಳಿ ತಾಕಿ ಮುಂಗೈ ಮೇಲೆ ಬೊಬ್ಬೆ ಎದ್ದಿತ್ತು, ನಾನು ಕೈ ಹಿಡಿದು ತೋರಿಸಿದ ಮೇಲೆ ನೋಡಿಕೊಂಡಳು. ನನಗೆ ರೇಗಿಹೋಯಿತು. “ನೀನೇನು ಕಲ್ಲೇನಬೇ? ಒಂದಿನ ಕುಂತು ಅತ್ತುಬಿಡು, ನಿನ್ನ ಕಾಲಿಗೆ ಬೀಳ್ತೀನಿ” ಅಂದೆ.

“ಕಾಲು ಜೋಮು ಹಿಡೀತದಲ್ಲ ಹುಲಿಗೀ, ಹಂಗ ಐತಿ. ನೋವೇನಿಲ್ಲ” ಅಂದಳು.

ಕಳೆದ ದೀಪಾವಳಿಗೆ ಹೋದಾಗ ತಾನಾಗಿಯೇ ಬಾಯಿಬಿಟ್ಟಳು. ಹುಣಸಿಗಡ್ಡಿ ಈಗ ಅರಣ್ಯ ಇಲಾಖೆಯ ಸುಪರ್ದಿಗೆ ಹೋಗಿದೆ. ಅಲ್ಲಿ ನೀರುನಾಯಿಗಳಿವೆ ಎಂದು ಅದನ್ನು ಕಾಯ್ದಿಟ್ಟಿದ್ದಾರೆ. ಬೇಸಾಯ ಇಲ್ಲ, ಮೀನು ಹಿಡಿಯುವ ಹಾಗಿಲ್ಲ. ಚಳಿಗಾಲದ ಭಾನುವಾರಗಳಲ್ಲಿ ಮಾತ್ರ ಹನ್ನೆರಡು ಜನರನ್ನು ಹರಿಗೋಲಿನಲ್ಲಿ ಕರೆದೊಯ್ದು, ತೋರಿಸಿ, ನಾಲ್ಕು ಗಂಟೆಗೆ ವಾಪಸ್ಸು ತರುತ್ತಾರೆ. ಅಕ್ಕನಿಗೆ ಅಲ್ಲಿಗೆ ಹೋಗಬೇಕಾಗಿತ್ತು.

“ಏನಬೇ, ನೀರುನಾಯಿ ನೋಡಾಕ?” ಅಂದೆ.

“ಅವರ ಹೆಸರು ಹಿಡಿದು ಒಂದ್ಸಲ ಕೂಗಬೇಕು.”

 “ಇಲ್ಲೇ ದಡದಾಗ ನಿಂತು ಕೂಗಬೇ, ಯಾರು ಬ್ಯಾಡ ಅಂತಾರ?” ಅಂದೆ.

“ದಡದಿಂದ ಕೂಗಿದ್ರ ಮತ್ತ ಕೇಳಸಲಿಲ್ಲ ಅಂದ್ರ?” ಅಂದಳು.

 ಸಂಡೂರಿನಲ್ಲಿ ಅದಿರಿನ ಟಿಪ್ಪರ್ ಓಡಿಸುವ ಆಕೆಯ ಮಗ ರಾಮಾಂಜಿನಿಗೆ ಫೋನ್ ಮಾಡಿದೆ. ಅವನು ಮೊಬೈಲಿನಲ್ಲೇ ಇಬ್ಬರ ಜಾಗ ಹಿಡಿದುಕೊಟ್ಟ. “ಅವ್ವ ಅಲ್ಲಿಗೆ ಹೋಗಿ ಏನ್ ಮಾಡ್ತಾಳ ಚಿಗವ್ವಾ?” ಎಂದು ಕೇಳಿದ. ರೊಟ್ಟಿ ತಿಂತಾಳೆ ಎಂದು ಹೇಳಿದೆ.

ಜನವರಿಯ ಒಂದು ಭಾನುವಾರ ಮೊದಲ ಬಸ್ಸಿಗೆ ಕಮಲಾಪುರ ದಾಟಿ ಕಂಪ್ಲಿಗೆ ಹೋದೆ. ಅಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ತಯಾರಾಗಿ ಕುಳಿತಿದ್ದಳು. ಹೊಳೆಯ ದಡದಲ್ಲಿ ಒಂದು ಮೇಜು, ಮೇಜಿನ ಹಿಂದೆ ಕಾವಲುಗಾರ ಯಲ್ಲೇಶ್. ಸಂಡೂರಿನ ಕಡೆಯ ಹುಡುಗ, ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಅವನಿಗೆ ನಮ್ಮ ಯಾವ ಕಥೆಯೂ ಗೊತ್ತಿರಲಿಲ್ಲ. ಮುಂದಿದ್ದ ಬಳ್ಳಾರಿಯ ಗಂಡಹೆಂಡತಿ ಅವನಿಗೆ ಕಕ್ಕಸು ಎಲ್ಲಿದೆ, ಮೊಸಳೆ ಎಷ್ಟಿವೆ ಎಂದು ಪ್ರಶ್ನೆ ಕೇಳಿ ತಲೆ ತಿಂದಿದ್ದರು. ಅವನು ತಲೆ ಎತ್ತದೆ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಿದ್ದ.

“ಹೆಸರು?”

“ಬಸಕ್ಕ.”

“ಗಂಡನ ಹೆಸರು?”

ಅಕ್ಕ ಹಿಂತಿರುಗಿ ನನ್ನನ್ನು ನೋಡಿದಳು. ನಾನು ಹಿಂದಿನಿಂದಲೇ “ಸುಂಕಪ್ಪ” ಅಂದೆ. ಅವನು ಬರೆದುಕೊಂಡ. “ಮುಂದ?” ಅಂದ. “ಹುಲಿಗೆಮ್ಮ, ಗಂಡ ತೋಟಪ್ಪ, ಹೊಸಪೇಟಿ” ಎಂದೆ. ಅದನ್ನೂ ಬರೆದುಕೊಂಡ. ಆಮೇಲೆ ಎಲ್ಲರಿಗೂ ನಿಯಮ ಹೇಳಿದ. ಗಡ್ಡಿಯಿಂದ ಒಂದು ಕಲ್ಲನ್ನೂ ತರಬಾರದು, ಒಂದು ಕಾಗದವನ್ನೂ ಬಿಟ್ಟುಬರಬಾರದು. “ಮತ್ತ ಮುಖ್ಯ ಮಾತು. ನೀರುನಾಯಿ ಮರಿ ಹಾಕ್ಯಾವು. ಗದ್ದಲ ಆದ್ರ ಮರಿ ಕಚ್ಕೊಂಡು ಜಾಗಾನ ಬಿಟ್ಟು ಹೊಕ್ಕಾವು. ಯಾರೂ ಜೋರಾಗಿ ಮಾತಾಡಂಗಿಲ್ಲ, ಕೂಗಂಗಂತೂ ಇಲ್ಲೇ ಇಲ್ಲ.”

ನಾನು ಅಕ್ಕನ ಮುಖ ನೋಡಿದೆ. ಅಲ್ಲೇನೂ ಕಾಣಲಿಲ್ಲ. ವಾಪಸ್ಸು ಹೋಗೋಣವೇನು ಎಂದು ಕೇಳಿದ್ದಕ್ಕೆ ಹರಿಗೋಲಿನ ಕಡೆ ನಡೆದಳು.

ಹರಿಗೋಲು ಕಾಳಪ್ಪನದೇ, ಈಗ ಭಾನುವಾರ ಇಲಾಖೆಗೆ ಓಡಿಸುತ್ತಾನೆ. ಅಕ್ಕನನ್ನು ಕಂಡು ಅವನ ಕೈಯಲ್ಲಿದ್ದ ಹುಟ್ಟು ನಿಂತಿತು. “ತಂಗೀ, ನೀನಾ?” ಅಂದ. “ಹೂಂ ಅಣ್ಣಾ” ಅಂದಳು. ಆತ ಆಕೆಗೆ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ತಾನೇ ಬಿಗಿದ. ಎರಡು ಸರತಿಯಲ್ಲಿ ಎಲ್ಲರೂ ದಾಟಿದೆವು. ಮಾವ ನಡೆದು ದಾಟುತ್ತಿದ್ದ ಜಾಗ ಯಾವುದೆಂದು ಕಾಳಪ್ಪ ತೋರಿಸಲಿಲ್ಲ, ನಾವೂ ಕೇಳಲಿಲ್ಲ.

ಗಡ್ಡಿಯಲ್ಲಿ ಯಲ್ಲೇಶ್ ಪಿಸುಗುಟ್ಟುತ್ತ ಮುಂದೆ, ನಾವು ಹಿಂದೆ. ಇದು ನೀರುನಾಯಿಯ ಹೆಜ್ಜೆ, ಇದು ಅದರ ಲದ್ದಿ, ನೋಡ್ರಿ ಅದರಾಗ ಮೀನಿನ ಹುರುಪೆ ಹೆಂಗ ಹೊಳೀತಾವು. ಕ್ಯಾಮೆರಾ ತಂದಿದ್ದವರು ಲದ್ದಿಯ ಫೋಟೋ ಹೊಡೆದುಕೊಂಡರು. ಇದನ್ನು ನೋಡೋಕೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಲೆಸ್ನಾನ ಮಾಡಿ ಬಂದೆನಾ ಎಂದು ನನಗೆ ಅನಿಸಿತು. ನೀರುನಾಯಿ ಮಾತ್ರ ಒಂದೂ ಕಾಣಲಿಲ್ಲ. ಅಕ್ಕ ಯಾವುದನ್ನೂ ನೋಡಲಿಲ್ಲ. ಆಪು ಹುಲ್ಲಿನ ಹಿಂದೆ ಇಂಜಿನ್ನಿನ ಕಟ್ಟೆ ಹಾಗೇ ಇತ್ತು, ತುಕ್ಕು ಹಿಡಿದ ಎರಡು ಬೋಲ್ಟು ಮೇಲೆದ್ದಿದ್ದವು. ಹೋಗಿ ಅದರ ಪಕ್ಕದಲ್ಲಿ ಕುಳಿತಳು. ಮಧ್ಯಾಹ್ನ ರೊಟ್ಟಿ ಬಿಚ್ಚಿದೆವು. ಅರ್ಧ ರೊಟ್ಟಿ ತಿಂದು, “ಹುಲಿಗೀ, ಆ ಹುಡುಗನ್ನ ಒಂದ್ ಮಾತು ಕೇಳು. ಒಂದ ಸಲ” ಅಂದಳು.

ಹೋಗಿ ಕೇಳಿದೆ. ನಮ್ಮಕ್ಕ ಒಂದು ಸಲ ಕೂಗಬೇಕಂತೆ, ಒಂದೇ ಸಲ. ಯಾಕೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನು ನನಗೆ ತಲೆ ಕೆಟ್ಟಿದೆ ಅಂದುಕೊಂಡ. “ಏ ಅಮ್ಮಾ, ನನ್ನ ನೌಕರಿ ಹೊಕ್ಕತ್ರೀ. ಪಿಸುಮಾತಿನಾಗ ಏನ್ ಬೇಕಾದ್ರೂ ಹೇಳ್ಕೊಳ್ರಿ” ಅಂದ. ಬಂದು ಅಕ್ಕನಿಗೆ ಹೇಳಿದೆ. “ಹೂಂ” ಅಂದಳು. ಉಳಿದ ರೊಟ್ಟಿಯನ್ನು ಮಡಚಿ ಕಟ್ಟಿದಳು. ಮೂರು ತಾಸು ಹಾಗೇ ಕುಳಿತಳು. ನಾನು ಜಗಳವಾಡಿ ಒಪ್ಪಿಸಬೇಕಿತ್ತು, ನನಗೆ ಜಗಳ ಹೊಸದೇನೂ ಅಲ್ಲ. ಆದರೆ ಆವತ್ತು ಆಕೆಯ ಜೋಮು ನನಗೂ ಹತ್ತಿತ್ತು.

ನಾಲ್ಕಕ್ಕೆ ಕಾಳಪ್ಪ ಮೊದಲ ಸರತಿಯವರನ್ನು ತುಂಬಿಕೊಂಡು ಹೊರಟ. ನಾವಿಬ್ಬರು, ಬಳ್ಳಾರಿಯ ಗಂಡಹೆಂಡತಿ, ಯಲ್ಲೇಶ್ ಉಳಿದೆವು. ಯಲ್ಲೇಶ್ ರಿಜಿಸ್ಟರು ತೆಗೆದು ಮೆಲ್ಲಗೆ ಹೆಸರು ಓದುತ್ತ ಒಬ್ಬೊಬ್ಬರಿಗೂ ಗುರುತು ಹಾಕಿದ. ಬಳ್ಳಾರಿಯವರದು ಆಯಿತು, ಬಸಕ್ಕ ಆಯಿತು.

“ಸುಂಕಪ್ಪ” ಅಂದ.

ಯಾರೂ ಓಗೊಡಲಿಲ್ಲ. “ಸುಂಕಪ್ಪ ಯಾರ್ರೀ?” ಅಂದ.

ನನಗೆ ಆಗ ಹೊಳೆಯಿತು. ಬೆಳಿಗ್ಗೆ ಆ ಹುಡುಗ ಹೆಸರು ಹೇಳಿದ್ದು ಯಾರೆಂದು ತಲೆ ಎತ್ತಿ ನೋಡಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಿಟ್ಟು ಹಿಂದೆ ನಿಂತವರು ಹೇಳುತ್ತಾರೆಂದು ಅವನು ಯಾಕೆ ಅಂದುಕೊಳ್ಳಬೇಕು? ಸಾಲಿನಲ್ಲಿದ್ದ ಮುಂದಿನ ಮನುಷ್ಯನ ಹೆಸರೆಂದು ಬೇರೆ ಸಾಲಿನಲ್ಲೇ ಬರೆದುಕೊಂಡಿದ್ದ. ಮಾವ ನಮ್ಮ ಜೊತೆ ಗಡ್ಡಿಗೆ ಬಂದಿದ್ದ, ಇಲಾಖೆಯ ಲೆಕ್ಕದಲ್ಲಿ ವಾಪಸ್ಸು ಹೊರಟಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಬಳೆ ಒಡೆಯುವ ಹಾಗೆ ಹಿಡಿದಳು. ಬಾಯಿ ಮುಚ್ಚಿಕೊಂಡೆ.

ಹುಡುಗ ಕಾಲ್ದಾರಿಯಲ್ಲಿ ಅತ್ತ ಓಡಿದ, ಇತ್ತ ಓಡಿದ. ಮೊದಲು ಪಿಸುದನಿಯಲ್ಲೇ “ಸುಂಕಪ್ಪ... ಸುಂಕಪ್ಪ...” ಅಂದ. ಬಳ್ಳಾರಿಯ ಆಯಮ್ಮ, “ಅಯ್ಯೋ ಶಿವನೆ, ಮೊಸಳಿ ಗಿಸಳಿ ಎಳಕೊಂಡ್ ಹೋತೇನ್ರೀ?” ಎಂದದ್ದೇ ತಡ, ಅವನು ಎರಡೂ ಕೈ ಬಾಯಿಗಿಟ್ಟು “ಸುಂಕಪ್ಪಾ! ಓ ಸುಂಕಪ್ಪಾ!” ಎಂದು ಕೂಗಿಯೇಬಿಟ್ಟ. ಆಪಿನಿಂದ ಹಕ್ಕಿಗಳು ಎದ್ದವು. ಆಮೇಲೆ ನಮ್ಮ ಕಡೆ ತಿರುಗಿ, “ಯಾರ್ರೀ ಇವರ ಕಡೇರು?” ಎಂದು ಕೇಳಿದ.

“ನಾನು” ಅಂದಳು ಅಕ್ಕ.

“ಮತ್ತ ಸುಮ್ಮನ ನಿಂತೀರಲ್ಲಮ್ಮಾ! ಕೂಗ್ರಿ! ನಿಮ್ಮ ದನಿಗಾದ್ರೂ ಬಂದಾರು.”

“ಕೂಗಂಗಿಲ್ಲ ಅಂದಿದ್ರಿ.”

“ಅಯ್ಯ, ಮನಿಶಾರಿಗಿಂತ ನೀರುನಾಯಿ ಹೆಚ್ಚೇನ್ರೀ? ಕೂಗ್ರಿ ಅಂದ್ರ!”

ಅಕ್ಕ ಚಪ್ಪಲಿ ಬಿಟ್ಟಳು. ಕಟ್ಟೆಯ ಮೇಲೆ ಹತ್ತಿದಳು. ಎರಡು ಬೋಲ್ಟಿನ ನಡುವೆ ಪಾದ ಊರಿಕೊಂಡು ನಿಂತಳು.  ಮದುವೆಯ ದಿನ ಹೊಸ್ತಿಲಲ್ಲಿ ನಿಂತ ಹುಡುಗಿಯ ಮುಖವೇ ಅದು. ನನ್ನ ನಾಲಿಗೆಯ ತುದಿಗೆ ಆ ಹೆಸರು ಬಂದುಬಿಟ್ಟಿತ್ತು, ಈ ಸಲ ಹಲ್ಲು ಕಚ್ಚಿ ಹಿಡಿದೆ.

“ಸುಂಕಪ್ಪಾ!” ಅಂದಳು. “ಸುಂಕಪ್ಪಾ! ನೀರು ಬಿಟ್ಟಾರ, ಜಲ್ದಿ ಬರ್ರೀ!”

ನಲವತ್ತು ವರ್ಷದಿಂದ ಆಕೆಯ ದನಿ ಕೇಳಿದವಳು ನಾನು. ಅಂಥ ದನಿ ಆ ಮೈಯಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹೆಸರು ಹಿಡಿದು ಕೂಗಿದರೂ ಕೊನೆಗೆ ‘ಬರ್ರೀ’ ಬಿಡಲಿಲ್ಲ ನೋಡಿ! ಹೊಳೆಯ ನಡುವೆ ಕಾಳಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ತಿರುಗಿ ನೋಡಿದ. ಹರಿಗೋಲು ತನ್ನಷ್ಟಕ್ಕೆ ಗಿರಕಿ ಹೊಡೆಯತೊಡಗಿತು.

ಅಕ್ಕ ಇಳಿದು ಚಪ್ಪಲಿ ಮೆಟ್ಟಿಕೊಂಡಳು. “ಬರಂಗಿಲ್ಲ ಅವರು. ಆ ಹೆಸರಿಗೆ ಗೀಟು ಹೊಡೀರಿ” ಅಂದಳು. ಯಲ್ಲೇಶ್ ಪಿಳಿಪಿಳಿ ನೋಡಿದ. ಆಗ ನಾನು ಅವನಿಗೆ ಎಲ್ಲವನ್ನೂ ಹೇಳಿದೆ, ಇಂಜಿನ್ನು, ನೀರು, ಮೂರನೆಯ ದಿನ, ಎಲ್ಲ. ಬೈಯುತ್ತಾನೆಂದುಕೊಂಡಿದ್ದೆ. ಬೈಯಲಿಲ್ಲ.  ಆ ಸಾಲಿಗೆ ಗೀಟು ಎಳೆದು, ಬಸಕ್ಕ ಎಂಬುದರ ಮುಂದೆ ಖಾಲಿ ಉಳಿದಿದ್ದ ಜಾಗದಲ್ಲಿ ಸುಂಕಪ್ಪ ಎಂದು ಬರೆದ. “ದಿವಂಗತ ಅಂತ ಹಾಕಲೇನಮ್ಮಾ?” ಎಂದು ಕೇಳಿದ.

“ಹಾಕ್ರಿ” ಅಂದಳು.

ಕಾಳಪ್ಪ ವಾಪಸ್ಸು ಬಂದ. ನಾವು ಹತ್ತಿದೆವು. ಅರ್ಧ ಹೊಳೆಗೆ ಬಂದಾಗ ಅಕ್ಕನೇ ಕೇಳಿದಳು.

“ಅಣ್ಣಾ, ನಾ ಕೂಗಿದ್ದು ನಿನಗ ಕೇಳಿಸ್ತಾ?”

ಪಾಪ, ಕಾಳಪ್ಪ ಆಕೆಗೆ ಸಮಾಧಾನವಾಗಲಿ ಎಂದೇ ಹೇಳಿದ. “ಕೇಳಿಸ್ದಂಗ ಇರ್ತದೇನು ತಂಗೀ? ಎಂಥ ದನಿಬೇ ನಿಂದು! ಕೋಟಿ ಅಗಸಿ ಬಾಗ್ಲಮಟ ಕೇಳಿಸಿರ್ತದ.”

ಅಕ್ಕ ಗಡ್ಡಿಯ ಕಡೆ ನೋಡಿದಳು, ದಡದ ಕಡೆ ನೋಡಿದಳು. ಅವೆರಡರ ನಡುವಿನ ನೀರನ್ನು ನೋಡಿದಳು.

“ಹಂಗಾದ್ರ ಆವತ್ತೂ ಕೇಳಿಸ್ತಿತ್ತು” ಅಂದಳು.

ಕಾಳಪ್ಪನಿಗೆ ಆಗ ಅರ್ಥವಾಯಿತು. ಹುಟ್ಟು ಹಾಕುತ್ತಲೇ ಮುಖ ಆಚೆ ತಿರುಗಿಸಿದ. ನಾನು ಅಕ್ಕನ ಕೈ ಹಿಡಿದುಕೊಂಡೆ.